ಗೋಡೆಯ ಮೇಲಿನ ಜೋಳ

ಗೋಡೆಗೆ ಬರೆದ ಜೋಳದ ತೆನೆಯನ್ನು ಹಕ್ಕಿ ಬಂದು ಕುಕ್ಕಿದಾಗ ಶ್ರೀದೇವಿಗೆ ಮೊದಲು ಹಿಗ್ಗೇ ಆಯಿತು. ಸುಳ್ಳು ಯಾಕೆ ಹೇಳಬೇಕು? ಬನಹಟ್ಟಿಯ ನೇಕಾರರ ಮನೆಯಲ್ಲಿ ಸೀರೆಯಂಚಿನ ನಕ್ಷೆ ಬರೆಯುತ್ತ ಬೆಳೆದವಳು. ಜಮಖಂಡಿಯಾಚೆಯ ಹೊಸ ಪಕ್ಷಿಧಾಮದಲ್ಲಿ ಎರಡು ತಿಂಗಳು ಏಣಿ ಹತ್ತಿಳಿದು, ಗೀಜಗ ಹಕ್ಕಿಗಳ ದೊಡ್ಡ ಪಂಜರದ ಹಿಂಗೋಡೆಗೆ ಹೊಳೆದಂಡೆ ಬರೆದಿದ್ದಳು. ಮುಂದೆ ನೆಟ್ಟ ಜಾಲಿ, ನೆಟ್ಟ ಆಪು ಹುಲ್ಲು. ಹಿಂದೆ ಬಣ್ಣದ ಆಪು, ಬಣ್ಣದ ಜೋಳ. ಬೆಳಿಗ್ಗೆಯಷ್ಟೇ ಒಳಗೆ ಬಿಟ್ಟ ಹಕ್ಕಿಗಳಿಗೆ ವ್ಯತ್ಯಾಸ ತಿಳಿಯಲಿಲ್ಲ.

ಎರಡನೆಯದು ಬಂತು. ಮೂರನೆಯದು ಬಣ್ಣದ ಚಕ್ಕೆ ಎಬ್ಬಿಸಿ ನುಂಗಿತು. ಆಗ ಅವಳಿಗೆ ಬಣ್ಣಕ್ಕೆ ತಾನು ಕಲಸಿದ್ದು ನೆನಪಾಯಿತು.

ಹೊಳೆಯುವ ಗೋಡೆ ಗೋಡೆಯೆಂದೇ ಕಾಣುತ್ತದೆಂದು, ಬಣ್ಣ ಮಂಕಾಗಲು ಗಂಜಿ ಕಲಸಿದ್ದಳು. ಮಗ್ಗದ ನೂಲಿಗೆ ಹಚ್ಚುವ ಗಂಜಿ. ಅದಕ್ಕೆ ಬೂಷ್ಟು ಹಿಡಿಯದಂತೆ ಮೈಲುತುತ್ತ ಹಾಕುವುದು ಅವರ ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದಷ್ಟೇ ಸಹಜ. ಕೈ ತಾನಾಗಿಯೇ ಹಾಕಿತ್ತು. ನೂಲನ್ನು ಯಾರೂ ತಿನ್ನುವುದಿಲ್ಲವಲ್ಲ. ಆ ನೀಲಿ ಹರಳು ವಿಷವೆಂದು ಮಾತ್ರ ಮನೆಯ ಕೂಸುಗಳಿಗೂ ಗೊತ್ತು.

ನಾಳೆ ಉದ್ಘಾಟನೆ. ಬಾಯಿ ಬಿಟ್ಟರೆ ಗೋಡೆ ಹೋಗುತ್ತದೆ, ಇನ್ನೆಲ್ಲೂ ಕೆಲಸ ಸಿಗುವುದಿಲ್ಲ. ಅವಳಿಗೆ ವಿಪರೀತ ಹೆದರಿಕೆಯಾಯಿತು. ಹೇಳುವ ಬದಲು ಸೆರಗು ಬೀಸಿ ಹಕ್ಕಿ ಓಡಿಸುತ್ತ ನಿಂತಳು. ಈ ಕಡೆ ಓಡಿಸಿದರೆ ಆ ಕಡೆ ಕುಕ್ಕಿದವು. ಹೀಗೇ ಒಂದು ತಾಸು ಹೋಯಿತು. ಅಂಜಿದವರ ಮೇಲೆ ಕಪ್ಪೆ ಎಸೆದ ಹಾಗೆ, ಜಾಲಿಯ ಮೇಲೊಂದು ಗೀಜಗ ಗರಿ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದು ಕಾಣಿಸಿತು.

ಓಡಿದಳು. ಧಾಮದ ಮೇಲ್ವಿಚಾರಕ ಅಣ್ಣಾಸಾಹೇಬರು ಕಚೇರಿಯಲ್ಲಿ ಕೂತು ನಾಳೆ ಬರುವ ಅತಿಥಿಗಳ ಪಟ್ಟಿ ನೋಡುತ್ತಿದ್ದರು.

"ಹಕ್ಕಿ ಹೊರಗ ತಗೀರಿ ಸರ್. ಬಣ್ಣದಾಗ ಮೈಲುತುತ್ತ ಐತ್ರಿ. ನಾನ ಹಾಕೇನಿ."

ಅವರ ಮುಖ ಬಿಳಿಚಿತು. ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಅಂದರು: "ಒಣಗಿದ ಬಣ್ಣ, ಏನೂ ಆಗೂದಿಲ್ಲ ತಗಿ. ನಾಳೆ ದೊಡ್ಡ ಸಾಹೇಬ್ರು ಬರ್ತಾರ. ನೀ ಯಾರ ಮುಂದೂ ಹೇಳಬ್ಯಾಡ ತಂಗಿ."

ಒಂದು ಗಳಿಗೆ ಅವಳಿಗೆ ಹಾಯೆನಿಸಿತು. ಹಾಗೆನಿಸಿದ್ದಕ್ಕೇ ಮತ್ತಷ್ಟು ಹೆದರಿದಳು. ಪಂಜರಕ್ಕೆ ಹಿಂತಿರುಗಿ, ಗೋಡೆಯ ಬಣ್ಣದ ಕಾಳೊಂದನ್ನು ಉಗುರಿನಿಂದ ಕೆರೆದು, ಅಂಗೈಯಲ್ಲಿಟ್ಟು ತಂದು ಅವರ ಮುಂದೆ ಹಿಡಿದಳು.

"ಹಂಗಾದ್ರ ಇದನ್ನ ನೀವು ತಿನ್ರಿ ಸರ್. ಆಮ್ಯಾಲ ನಾನೂ ತಿಂತೇನಿ."

ಅಣ್ಣಾಸಾಹೇಬರು ಆ ಚಕ್ಕೆಯನ್ನೇ ನೋಡಿದರು. ಆಮೇಲೆ ಎದ್ದು, ಗೂಟದಲ್ಲಿದ್ದ ಬಲೆ ತೆಗೆದುಕೊಂಡರು.

ನಲವತ್ತು ಹಕ್ಕಿಗಳು ಬಲೆಗೆ ಸಿಕ್ಕವು. ಜಾಲಿಯ ಮೇಲಿನದಕ್ಕೆ ಬಲೆ ಬೇಕಾಗಲಿಲ್ಲ. ಅದು ಕೆಳಗೆ ಬಿದ್ದಿತ್ತು. ಮುಧೋಳದಿಂದ ದನದ ಡಾಕ್ಟರು ಬರುವ ಹೊತ್ತಿಗೆ ಶ್ರೀದೇವಿ ಅದನ್ನು ಸೆರಗಿನಲ್ಲಿಟ್ಟುಕೊಂಡು, ಅಳುತ್ತ, ಕರಣೆಯಿಂದ ತನ್ನ ಜೋಳವನ್ನೆಲ್ಲ ಹೆರೆದು ಮುಗಿಸಿದ್ದಳು.

ಡಾಕ್ಟರು ಎಲ್ಲವನ್ನೂ ನೋಡಿ, ಉಳಿದವು ಬದುಕುತ್ತವೆ ಎಂದರು.

"ನಾ ಒಂದ ತಾಸ ಮೊದಲ ಹೇಳಿದ್ರ, ಇದೂ ಉಳೀತಿತ್ತೇನ್ರಿ?"

ಡಾಕ್ಟರು ಕೈ ತೊಳೆಯಲು ನಲ್ಲಿಯ ಕಡೆ ನಡೆದರು.