ಬೆಳ್ಳಗಾದ ಉಂಡೆಗಳು

ಚನ್ನಗಿರಿಯಲ್ಲಿ ಅಡಿಕೆ ಬೇಯಿಸುವವರಿಂದ ಒಂದು ಕ್ಯಾನು ಚೊಗರು ತುಂಬಿಸಿಕೊಂಡು, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ರಕ್ಷಾ ನ್ಯಾಮತಿಗೆ ಬಂದಿಳಿದಾಗ ಹೊತ್ತು ವಾಲಿತ್ತು. ಅಡಿಕೆ ಬೆಂದ ಈ ಕೆಂಪು ನೀರು ಹಳ್ಳ ಸೇರಿದರೆ ಹಳ್ಳವೇ ಕೆಂಪಾಗುತ್ತದೆ. ಆ ಬಣ್ಣವನ್ನು ಹಿಡಿದಿಟ್ಟುಕೊಳ್ಳುವ ಉಂಡೆಗಳಿಗಾಗಿ ಅವಳು ವರ್ಷಗಟ್ಟಲೆ ಒಂಟಿಯಾಗಿ ಒದ್ದಾಡಿದ್ದಳು. ನಾಳೆ ದಾವಣಗೆರೆಯಲ್ಲಿ ಪರೀಕ್ಷಕರ ಮುಂದೆ ಉಂಡೆಗಳು ಕೆಲಸ ಮಾಡಿ ತೋರಿಸಿದರೆ ಪಿಎಚ್.ಡಿ., ಇಲ್ಲದಿದ್ದರೆ ಇಲ್ಲ.

ಟೈಟಾನಿಯಂ ಆಕ್ಸೈಡಿನ ಉಂಡೆಗಳು ಅವು. ಮೊದಲಿಗೆ ಹಾಲಿನಂಥ ಬಿಳುಪು. ಆದರೆ ಬಿಳಿಯವಕ್ಕೆ ಬಣ್ಣ ಅಂಟುತ್ತಲೇ ಇರಲಿಲ್ಲ. ದೂರದ ಲ್ಯಾಬೊಂದರಲ್ಲಿ ಸರದಿ ಕಾದು, ಹೈಡ್ರೋಜನ್ ಹಾಯಿಸಿ ಕಾಯಿಸಿದ ಮೇಲೆ ಮೈಮೇಲಿನ ಆಕ್ಸಿಜನ್ ಕಣಗಳು ಅಲ್ಲೊಂದು ಇಲ್ಲೊಂದು ಕಿತ್ತುಹೋಗಿ ಉಂಡೆಗಳು ಬೂದುಬಣ್ಣಕ್ಕೆ ತಿರುಗಿದವು. ಹಾಗೆ ಖಾಲಿಯಾದ ಜಾಗಗಳಿಗೇ ಚೊಗರಿನ ಅಣುಗಳು ಬಂದು ಕಚ್ಚಿಕೊಂಡವು. ತನ್ನೂರು ಸೊಕ್ಕೆಯಲ್ಲಿ ಅಜ್ಜಿ ಭೀಮಕ್ಕ ಹೇಳುತ್ತಿದ್ದ ಕಥೆಯ ಕೋಟೆಯಲ್ಲೂ ಹೀಗೆಯೇ. ನುಣುಪಾದ ಗೋಡೆಯಲ್ಲಿ ಜಾರಿ ಬೀಳುತ್ತಿದ್ದ ಗುಬ್ಬಿಗಳು ಕಲ್ಲು ಉದುರಿದ ಸಂದಿಯಲ್ಲಿ ಸಂಸಾರ ಹೂಡುತ್ತಿದ್ದವು. ಇದನ್ನು ಹೇಳಿಕೊಂಡು ನಗೋಣವೆಂದರೆ ಅಜ್ಜಿ ಈಗಿರಲಿಲ್ಲ.

ಅವಳಿದ್ದದ್ದು ಸಿದ್ದಲಿಂಗಮ್ಮನ ಮನೆಯ ಮಹಡಿಯ ಕೋಣೆಯಲ್ಲಿ. ವಿಭೂತಿ ಮಾಡುವ ಮನೆ ಅದು. ಬಾಡಿಗೆಗೆ ಕೊಡುವಾಗ ಯಾವ ಊರು, ಯಾವ ಜನ ಎಂದೆಲ್ಲ ಕೇಳಿ ತಿಳಿದುಕೊಂಡಿದ್ದ ಸಿದ್ದಲಿಂಗಮ್ಮ ಆಮೇಲೆ ಮಾತಾಡಿದ್ದೆಲ್ಲ ಮೆಟ್ಟಿಲ ಬುಡದಿಂದಲೇ, ಅದೂ ಮೋಟರು, ಲೈಟು ಎಂದಷ್ಟೇ. ಊಟವಾಯಿತೇ ಎಂದು ಒಮ್ಮೆಯೂ ಕೇಳಿದವಳಲ್ಲ.

ಇವತ್ತು ಮಾತ್ರ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನವ್ವ, ಕಳ್ಳಿ! ನಮ್ಮನ್ನ ನೋಡಿ ನೋಡಿ ನೀನೂ ವಿಭೂತಿ ಮಾಡಾಕೆ ಕಲ್ತೀಯ? ಒಂದ್ ಮಾತು ಹೇಳಬಾರದಾ?"

ರಕ್ಷಾಳಿಗೆ ಅರ್ಥವಾಗಲಿಲ್ಲ. ಸಿದ್ದಲಿಂಗಮ್ಮ ಮೊರವನ್ನು ಮುಂದೆ ಹಿಡಿದಳು. ಬೆಳಿಗ್ಗೆ ತೊಳೆದು ಮಾಳಿಗೆಯ ಮೇಲೆ ಒಣಗಲು ಇಟ್ಟುಹೋಗಿದ್ದ ಉಂಡೆಗಳು. ಅಷ್ಟೂ ಬೆಳ್ಳಗೆ ಫಳಫಳ ಎನ್ನುತ್ತಿದ್ದವು.

"ಹಪ್ಳ ಹಾಕಾಕೆ ಹೋಗಿದ್ದೆ, ಕಂಡ್ವು. ಬೂದು ಬೂದು, ಅರೆಬೆಂದವು. ಅಂಥವನ್ನ ಯಾರು ಹಣೆಗೆ ಹಚ್ಚಿಕೊಂತಾರೆ? ಹೆಂಗೂ ನಮ್ಮ ಗೂಡು ಉರೀತಿತ್ತು. ಸಗಣಿ ಕುಳ್ಳಿನ ಮೇಲೆ ಹಾಕಿ ಇನ್ನೊಂದು ಸುತ್ತು ಸುಟ್ಟೆ. ಹೆಂಗೈತೆ ಬಣ್ಣ?"

"ಒಂದ್ನಿಮಿಷ ರೀ ಅಮ್ಮ," ಎಂದು ರಕ್ಷಾ ಮೊರ ಹಿಡಿದು ಮೆಟ್ಟಿಲು ಹತ್ತಿದಳು.

ಲೋಟಕ್ಕೆ ಚೊಗರು ಸುರಿದು, ಉಂಡೆ ಹಾಕಿ ಕೂತಳು. ಮೊನ್ನೆ ಇವೇ ಉಂಡೆಗಳು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನೀರನ್ನು ತಿಳಿಯಾಗಿಸಿದ್ದವು. ಇಂದು ಕಿಟಕಿಯ ಬೆಳಕು ಆರಿದರೂ ಲೋಟದ ಕೆಂಪು ಚೂರೂ ಕದಲಲಿಲ್ಲ. ಬಯಲು ಗಾಳಿಯ ಬೆಂಕಿ ಒಂದೊಂದು ಖಾಲಿ ಜಾಗಕ್ಕೂ ಆಕ್ಸಿಜನ್ ತಂದು ತುಂಬಿಬಿಟ್ಟಿತ್ತು. ಉಂಡೆಗಳೀಗ ಎಲ್ಲೂ ಊನವಿಲ್ಲದಂತೆ ನುಣ್ಣಗಿದ್ದವು. ಲ್ಯಾಬಿನ ಸರದಿ ಮತ್ತೆ ಬರುವುದು ಮುಂದಿನ ವರ್ಷ.

ಕೆಳಗಿಳಿದಳು. ಹೇಳಿಬಿಡಬೇಕೆಂದೇ ಇಳಿದಳು.

"ಬಾ, ಒಳಗೆ ಬಾ," ಎಂದಿತು ಅಡುಗೆಮನೆಯಿಂದ ದನಿ. "ಬಿಸಿ ರೊಟ್ಟಿ ಐತೆ. ಹಸಿ ಮೆಣಸಿನಕಾಯಿ ಚಟ್ನಿ ತಿಂತೀಯಲ್ಲ?"

ಈ ಹೊಸಿಲನ್ನು ಅವಳು ಎಂದೂ ದಾಟಿರಲಿಲ್ಲ. ದಾಟಿದಳು. ಸಿದ್ದಲಿಂಗಮ್ಮ ಮಣೆ ಸರಿಸಿ, ತನ್ನ ಪಕ್ಕದಲ್ಲೇ ತಟ್ಟೆ ಇಟ್ಟಳು.

"ಯಾಕವ್ವ ಮುಖ ಸಪ್ಪಗೈತೆ? ಕೆಡಿಸಿದ್ನಾ ಏನು? ಕೆಡಿಸಿದ್ರೆ ಹೇಳಿಬಿಡು ಮತ್ತೆ. ಇನ್ನೊಂದ್ಸಲ ನಿನ್ನ ಸಾಮಾನು ಮುಟ್ಟಾಕೆ ಹೋಗಲ್ಲ, ಮೇಲಕ್ಕೂ ಬರಲ್ಲ."

ರೊಟ್ಟಿಯಿಂದ ಹಬೆ ಏಳುತ್ತಿತ್ತು. ರಕ್ಷಾ ಒಂದು ತುತ್ತು ಮುರಿದಳು.

"ಚೆಂದ ಆಗ್ಯಾವ್ರಿ," ಎಂದಳು.

"ಮತ್ತೆ! ಮುಂದಿನ ಸಲ ಹಸೀವೇ ತಂದುಕೊಡು, ಸುಡೋದು ನಂಗೆ ಬಿಡು."

"ಹ್ಞೂಂ ರೀ."

ಪಕ್ಕದಲ್ಲಿಟ್ಟಿದ್ದ ಫೋನು ಗುಂಯ್‌ಗುಟ್ಟಿತು. ಗೈಡ್ ಸಾರ್. ನಾಳೆಗೆ ಎಲ್ಲ ಸಿದ್ಧವೇ ಎಂದು ಕೇಳುವುದಕ್ಕೆ.

"ಯಾರವ್ವ?"

ಅವಳು ಫೋನನ್ನು ಬೋರಲು ಹಾಕಿದಳು.

"ಯಾರೂ ಇಲ್ರಿ."