ಡಬ್ಬಿ ಕಂಡವರು ಸುಮ್ಮನೆ ಕೂರಬೇಕು

ಈ ಡಬ್ಬಿ ಹುಡುಕುವ ಆಟ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರೋ ಪುಣ್ಯಾತ್ಮರು ಬೆಟ್ಟದಲ್ಲಿ ಡಬ್ಬಿ ಬಚ್ಚಿಟ್ಟು ಅದರ ಜಾಗವನ್ನು ಫೋನಿನ ನಕ್ಷೆಗೆ ಹಾಕುವುದು, ನಾವು ಏದುಸಿರು ಬಿಡುತ್ತ ಹತ್ತಿ ಹುಡುಕುವುದು, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಮತ್ತೆ ಇದ್ದಲ್ಲೇ ಇಟ್ಟು ಬರುವುದು. ಮಾಡಲು ಕೆಲಸವಿಲ್ಲದವರ ಕೆಲಸ. ಆದರೆ ನನ್ನ ಗಂಡನಿಗೆ ಅದರ ಹುಚ್ಚು. ದರ್ಜಿ ಮನುಷ್ಯ, ವಾರವಿಡೀ ಬಗ್ಗಿಸಿದ ಕತ್ತನ್ನು ಭಾನುವಾರವಾದರೂ ಎತ್ತಬೇಡವೇ ಅನ್ನುತ್ತಿದ್ದರು. ಡಬ್ಬಿ ಸಿಕ್ಕ ತಕ್ಷಣ ಜೇಬಿನಿಂದ ಕೋಟಿನ ಗುಂಡಿಯೊಂದನ್ನು ತೆಗೆದು ಅದರೊಳಗೆ ಹಾಕುತ್ತಿದ್ದರು.

ನಮ್ಮ ಮನೆಯ ನಿಯಮವೂ ಅವರದೇ. ಡಬ್ಬಿ ಕಂಡವರು ಕೂಗಬಾರದು. ದೂರ ಹೋಗಿ ಸುಮ್ಮನೆ ಕೂರಬೇಕು; ಉಳಿದವರು ಹುಡುಕುತ್ತಲೇ ಇರಬೇಕು.

ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ನಾನು, ಅವರು, ನಮ್ಮ ಮಗಳು ಇಂಥದೊಂದು ಡಬ್ಬಿಗಾಗಿ ಒಂದು ಬೆಟ್ಟ ಹತ್ತಿದ್ದೆವು. ಹುಡುಕಲು ಶುರು ಮಾಡಿ ಹತ್ತು ನಿಮಿಷವಾಗಿರಲಿಲ್ಲ, ಅವರು ಹೋಗಿ ಚಪ್ಪಟೆ ಬಂಡೆಯ ಮೇಲೆ ಕೂತರು. ಮುಖದಲ್ಲಿ ಬೆವರಿತ್ತು. ಇವರಿಗೆ ಆಗಲೇ ಸಿಕ್ಕಿಬಿಟ್ಟಿತಲ್ಲ ಎಂದು ನನಗೆ ಉರಿಯಿತು. ಸಾಕು ನಿಮ್ಮ ನಾಟಕ ಅಂದು ಬೆನ್ನು ತಿರುಗಿಸಿ, ಹಠಕ್ಕೆ ಬಿದ್ದು ಎಲೆ ಕೆದಕಿದೆ. ಇಪ್ಪತ್ತು ನಿಮಿಷದ ಮೇಲೆ ತಿರುಗಿ ನೋಡಿದರೆ ಅವರ ತಲೆ ಎದೆಗೆ ಬಾಗಿತ್ತು. ಹದಿನೆಂಟು ವರ್ಷ ವಾರ್ಡಿನಲ್ಲಿ ಕಂಡವರ ನಾಡಿಯನ್ನೆಲ್ಲ ಹಿಡಿದ ನರ್ಸು ನಾನು. ಅವರ ಕೈ ಹಿಡಿದಾಗ ಅಲ್ಲಿ ಏನೂ ಇರಲಿಲ್ಲ.

ಅಂದಿನಿಂದ ಮಗಳ ಬಾಯಿ ಕಟ್ಟಿತು. ಮೊದಲು ಅವಳ ಚೂಪು ಮಾತಿಗೆ ಅವರು ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಈ ವರ್ಷ ಎಲೆ ಹಣ್ಣಾಗುತ್ತಲೇ ಒಂದೇ ಮಾತು ಹಿಡಿದಳು: ಆ ಡಬ್ಬಿಯಲ್ಲಿ ಗುಂಡಿ ಇದೆಯಾ ನೋಡಬೇಕು. ಇದ್ದರೆ ಅಪ್ಪ ಆಟಕ್ಕೆ ಕೂತದ್ದು, ಇಲ್ಲದಿದ್ದರೆ ನೋವಿಗೆ. ಬೈದೆ, ಗದರಿದೆ. ಕೊನೆಗೆ, ಡಬ್ಬಿ ನನಗೇ ಮೊದಲು ಸಿಕ್ಕರೆ ಇರಲೆಂದು, ಅವರ ಹೊಲಿಗೆ ಯಂತ್ರದ ಡ್ರಾಯರಿನಿಂದ ಒಂದು ಗುಂಡಿ ಜೇಬಿಗೆ ಹಾಕಿಕೊಂಡು ಹೊರಟೆ.

ಮೇಲೆ ತಲುಪಿ ಅವಳು ಆ ಕಡೆ, ನಾನು ಈ ಕಡೆ ಹುಡುಕತೊಡಗಿದೆವು. ಸಿಗದೇ ಇರಲಿ ಎಂದೇ ನಾನು ಹುಡುಕುತ್ತಿದ್ದೆ. ತಲೆಯೆತ್ತಿದರೆ ಅವಳು ಅದೇ ಬಂಡೆಯ ಮೇಲೆ ಸುಮ್ಮನೆ ಕೂತಿದ್ದಳು. ಜಾರಿಬಿದ್ದು ಎದ್ದು ಓಡಿಹೋಗಿ ಅವಳ ಮಣಿಕಟ್ಟು ಹಿಡಿದೆ. ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಮಡಿಲಲ್ಲಿ ಡಬ್ಬಿಯಿತ್ತು.

"ಗುಂಡಿ ಇಲ್ಲ ಅಮ್ಮ."

ಯಾರಾದರೂ ತೆಗೆದುಕೊಂಡಿರಬಹುದು ಅಂದೆ. ಅವಳು ಪುಸ್ತಕ ತೆರೆದು ತೋರಿಸಿದಳು. ಕೊನೆಯ ಹೆಸರು ಎರಡು ವರ್ಷದ ಹಿಂದಿನದು.

"ಅವತ್ತು ಅಪ್ಪ ಕೈ ಬೀಸಿ ನನ್ನ ಕರೆದ್ರು," ಅಂದಳು. "ಸುಳಿವು ಕೊಡ್ತಾರೆ ಅಂದ್ಕೊಂಡೆ. ಕಿವಿ ಮುಚ್ಕೊಂಡು ಆ ಕಡೆ ಹೋದೆ. ನಗ್ತಾ ಹೋದೆ ಅಮ್ಮ."

ವರ್ಷವಿಡೀ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಹುಡುಗಿ ಶಾಲೆಗೆ ಹೋಗಿದ್ದಾಳೆ, ಉಂಡಿದ್ದಾಳೆ, ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ನಿನ್ನ ತಪ್ಪಿಲ್ಲ ಕಂದ ಅನ್ನಬಹುದಿತ್ತು. ಸಾವಿಗೆ ಬಂದವರೆಲ್ಲ ನನಗೂ ಅದನ್ನೇ ಹೇಳಿದ್ದರು; ನನಗದು ಒಂದು ದಿನವೂ ಒಳಗಿಳಿದಿರಲಿಲ್ಲ.

"ನನ್ನನ್ನೂ ಕರೆದ್ರು," ಅಂದೆ. "ನಿನಗಿಂತ ಮೊದಲು. ನೋಡಿಯೂ ಹೋಗಲಿಲ್ಲ."

ಕರೆದರೋ ಇಲ್ಲವೋ, ನನಗೆ ಗೊತ್ತಿಲ್ಲ. ನನ್ನ ಬೆನ್ನು ಅವರ ಕಡೆಗಿತ್ತು.

ಅವಳು ನನ್ನನ್ನೇ ನೋಡಿದಳು. "ನೀನು ನರ್ಸ್ ಅಲ್ವಾ? ನೀನು ಹೋಗ್ಬೇಕಿತ್ತು."

"ಹೌದು. ನಾನು ಹೋಗ್ಬೇಕಿತ್ತು. ನೀನಲ್ಲ."

ಕೈ ಕಿತ್ತುಕೊಂಡಳು. ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಹತ್ತಿರ ಹೋದರೆ ನನ್ನನ್ನು ತಳ್ಳಿ, ಎಲೆ ಒದೆಯುತ್ತ ದಾರಿ ಇಳಿದಳು. ಸಿಟ್ಟಿನಲ್ಲಿ ಥೇಟ್ ನನ್ನ ಮಗಳೇ. ಆ ಸಿಟ್ಟು ಅವಳ ಮೇಲೆ ಅವಳಿಗಿರುವುದಕ್ಕಿಂತ ನನ್ನ ಮೇಲಿರಲಿ.

ಪುಸ್ತಕದಲ್ಲಿ ಇಬ್ಬರ ಹೆಸರು ಬರೆದೆ. ಮೂರನೆಯದನ್ನು ಬರೆಯಲು ಕೈ ಬರಲಿಲ್ಲ. ಜೇಬಿನ ಗುಂಡಿಯನ್ನು ಡಬ್ಬಿಗೆ ಹಾಕಿ, ಅವಳು ಎಲೆ ಸರಿಸಿದ್ದ ಮರದ ಬೇರಿನ ಸಂದಿಯಲ್ಲಿಟ್ಟೆ. ಒಂದು ಗಳಿಗೆ ಸುಧಾರಿಸಿಕೊಳ್ಳೋಣ ಎಂದು ಬಂಡೆಯ ಕಡೆ ತಿರುಗಿದೆ.

"ಅಮ್ಮ, ಅಲ್ಲಿ ಕೂರಬೇಡ," ಎಂದು ಕೆಳಗಿನ ತಿರುವಿನಿಂದ ಕೂಗಿದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು.

ನಾನು ಕೂರಲಿಲ್ಲ.