ಸೊಣ್ಣಮ್ಮನ ಮೀನುಗಳು

ತಾಯಿಯ ಎದೆಯ ಮೇಲಿದ್ದ ಹಾರವನ್ನು ಎತ್ತಿ ಕೃಷ್ಣಮ್ಮ ಅದನ್ನು ತಂದವರ ಕೈಗೇ ವಾಪಸು ಕೊಟ್ಟಳು. ಅಂಗಳದಲ್ಲಿ ತಮಟೆ ನಿಂತಿತು.

ಹಾರ ತಂದವರು ಶ್ಯಾಮಣ್ಣ, ಪೀಣ್ಯದ ಕೆಮಿಕಲ್ ಫ್ಯಾಕ್ಟರಿಯ ಮ್ಯಾನೇಜರು. ಸತ್ತ ಸೊಣ್ಣಮ್ಮ ಹಿಂದೆ ಅಲ್ಲಿ ಕೆಲಸಕ್ಕಿದ್ದವಳು. ಹಾರದ ಜೊತೆ ಅವರು ಒಂದು ಕೋರಿಕೆಯನ್ನೂ ತಂದಿದ್ದರು: ಇವತ್ತು ಬೊಂಬಾಯಿಯಿಂದ ದೊಡ್ಡವರು ಬರುತ್ತಾರೆ, ಹೆಣವನ್ನು ಫ್ಯಾಕ್ಟರಿ ಗೇಟಿನ ಮುಂದೆ ಒಯ್ಯದೆ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋದರೆ ಉಪಕಾರವಾಗುತ್ತದೆ.

ಸೊಣ್ಣಮ್ಮನ ತಮ್ಮ ಮುನಿಯಣ್ಣ ಅಕ್ಕನ ಮಗಳನ್ನು ಪಕ್ಕಕ್ಕೆ ಕರೆದ. ತನ್ನ ಮಗನಿಗೆ ಅಲ್ಲೇ ಕೆಲಸವಿದೆ, ಸತ್ತವಳಿಗೆ ಯಾವ ದಾರಿಯಾದರೇನು ಎಂದು ಬೇಡಿಕೊಂಡ.

"ಬದುಕಿದ್ದಾಗ ಅವ್ವ ಯಾವತ್ತೂ ಸುತ್ತಾಕ್ಕಂಡು ಓಗ್ಲಿಲ್ಲ ಮಾವ," ಎಂದಳು ಕೃಷ್ಣಮ್ಮ. "ಈಗ್ಯಾಕೆ ಓಗ್ಬೇಕು?"

*

ಫ್ಯಾಕ್ಟರಿಯ ಲ್ಯಾಬಿನಲ್ಲಿ ಗಾಜಿನ ತೊಟ್ಟಿ ತೊಳೆಯುವುದು, ಮೀನು ಸಾಕುವುದು ಸೊಣ್ಣಮ್ಮನ ಕೆಲಸವಾಗಿತ್ತು. ಎಂಬತ್ತೆರಡನೇ ಇಸವಿಯಲ್ಲಿ ತುಕ್ಕು ತೆಗೆಯುವ ಹೊಸ ದ್ರಾವಣವೊಂದು ಅಲ್ಲಿ ತಯಾರಾಯಿತು. ಅದರ ಕೊಳೆನೀರು ಕೆರೆಗೆ ಹೋಗುತ್ತಿದ್ದುದರಿಂದ ಮೀನಿನ ಮೇಲೆ ಪರೀಕ್ಷೆ ಮಾಡಿ ತೋರಿಸಬೇಕೆಂದು ಸರ್ಕಾರದ ತಾಕೀತು ಬಂತು. ಒಂದು ತೊಟ್ಟಿಗೆ ಬರೀ ನೀರು, ಇನ್ನೊಂದಕ್ಕೆ ದ್ರಾವಣ ಬೆರೆಸಿದ ನೀರು. ನಾಲ್ಕು ದಿನದೊಳಗೆ ಮೀನು ಎಷ್ಟು ಸಾಯುತ್ತವೆ ಎಂದು ನೋಡುವುದು. ಮರುದಿನ ಬೆಳಗ್ಗೆಯೇ ದ್ರಾವಣದ ತೊಟ್ಟಿಯ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅವನ್ನು ಎಸೆದು, ಒಳ್ಳೆಯ ನೀರು ತುಂಬಿ, ಬೇರೆ ಮೀನು ಬಿಡುವಂತೆ ಶ್ಯಾಮಣ್ಣ ಹೇಳಿದರು. ಸೊಣ್ಣಮ್ಮ ಸತ್ತ ಮೀನುಗಳನ್ನು ತೆಗೆದಳು, ಎಸೆಯಲಿಲ್ಲ. ಸರ್ಕಾರದ ಅಧಿಕಾರಿ ಬಂದು ತೊಟ್ಟಿಯ ಮುಂದೆ ಬಗ್ಗಿ ತಲೆದೂಗುತ್ತಿದ್ದಾಗ, ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು.

"ಅದರಾಗಿದ್ದೋವು ಇವು ಸಾರ್. ಆ ಕೆರೆ ನೀರು ನಮ್ಮ ದನ ಕುಡೀತವೆ."

ಕೊಳೆನೀರು ಕೆರೆಗೆ ಹೋಗುವುದು ನಿಂತಿತು. ಸೊಣ್ಣಮ್ಮನ ಕೆಲಸವೂ ಹೋಯಿತು. ಮುಂದಿನ ವಾರ ಅವಳು ಅದೇ ಗೇಟಿನ ಎದುರು ಬಾಣಲೆ ಇಟ್ಟು ಬೋಂಡ ಕರಿಯಲು ಕೂತಳು. ಪೊಲೀಸರು ಎಬ್ಬಿಸಿದರೆ ಎದ್ದು, ಅವರು ಅತ್ತ ಹೋದ ಮೇಲೆ ಮತ್ತೆ ಒಲೆ ಹಚ್ಚುತ್ತಿದ್ದಳು. ಕೊನೆಗೆ ಎಬ್ಬಿಸುವವರಿಗೇ ಸಾಕಾಯಿತು.

*

ಹೆಣ ಬರುವುದನ್ನು ಕಂಡು ಫ್ಯಾಕ್ಟರಿಯ ಕಾವಲುಗಾರ ಗೇಟಿಗೆ ಬೀಗ ಹಾಕಿದ. ಅರ್ಧ ದಾರಿಯಲ್ಲಿ ಚಟ್ಟವನ್ನು ಒಮ್ಮೆ ನೆಲಕ್ಕಿಳಿಸುವುದು ಪದ್ಧತಿ. ಊರಿನವರು ಅದನ್ನು ಮುಂದಿನ ಅರಳಿಕಟ್ಟೆಯ ಹತ್ತಿರ ಮಾಡುತ್ತಿದ್ದರು.

"ಇಲ್ಲೇ ಇಳಿಸಿ," ಎಂದಳು ಕೃಷ್ಣಮ್ಮ.

ಹೊತ್ತವರು ತಮ್ಮ ಜೊತೆ ಹೆಗಲು ಕೊಟ್ಟಿದ್ದ ಮುನಿಯಣ್ಣನ ಮುಖ ನೋಡಿದರು. ಅವನು ಒಂದು ಗಳಿಗೆ ಅಕ್ಕನ ಮುಖ ನೋಡಿದ. ಆಮೇಲೆ ಎಲ್ಲರಿಗಿಂತ ಮೊದಲು ತಾನೇ ಮಂಡಿಯೂರಿ ಹೆಗಲು ಬಗ್ಗಿಸಿದ.

ತಮಟೆ ಜೋರಾಯಿತು. ಒಳಗೆ ಯಂತ್ರಗಳ ಸದ್ದು ಒಂದೊಂದಾಗಿ ಅಡಗಿ, ಕೆಲಸಗಾರರು ಗೇಟಿನವರೆಗೆ ಬಂದರು. ಕಾವಲುಗಾರ ಬೀಗ ತೆಗೆಯಲಿಲ್ಲ. ಸರಳುಗಳ ಸಂದಿಯಿಂದ ಸಮವಸ್ತ್ರದ ನೀಲಿ ತೋಳಿನ ಕೈಗಳು ಹೊರಗೆ ಚಾಚಿದವು. ಕೃಷ್ಣಮ್ಮ ಮೊರ ಹಿಡಿದು, ಹೆಣದ ಮೇಲೆ ಎರಚಲೆಂದು ಒಂದೊಂದು ಕೈಗೂ ಹಿಡಿ ಹಿಡಿ ಪುರಿ ಹಾಕುತ್ತ ಹೋದಳು.